ಓಜೋನ್ ಮೊದಲು, ಬೆಳಕು ಆಮೇಲೆ

(ಕಲಬುರಗಿಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು, ನೀರುಗಂಟಿಗಳು, ಸ್ವಸಹಾಯ ಸಂಘದ ಮಹಿಳೆಯರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮುಂಗಾರು ಶುರುವಾದ ಮೇಲೆ ನಮ್ಮ ಮೂರು ಜಿಲ್ಲೆಗಳ ಪತ್ರಿಕಾ ಪುಟಗಳಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ಕಲುಷಿತ ನೀರು ಕುಡಿದು ವಾಂತಿ-ಭೇದಿ, ಇಷ್ಟು ಜನ ಆಸ್ಪತ್ರೆಗೆ ದಾಖಲು. ಕಲಬುರಗಿಯ ಒಂದು ತಾಂಡಾ ಇರಬಹುದು, ಯಾದಗಿರಿಯ ಒಂದು ಹಳ್ಳಿ ಇರಬಹುದು, ಬೀದರ್‌ನ ಒಂದು ಓಣಿ ಇರಬಹುದು. ಊರಿನ ಹೆಸರು ಬದಲಾಗುತ್ತದೆ, ಸುದ್ದಿ ಬದಲಾಗುವುದಿಲ್ಲ. ಇದನ್ನು ಮಳೆಗಾಲದ ಸಹಜ ಸಂಗತಿ ಎಂದು ಒಪ್ಪಿಕೊಂಡು ಕೂರುವುದು ನನಗೆ ಸಾಧ್ಯವಿಲ್ಲ. ನಿಮಗೂ ಸಾಧ್ಯವಿಲ್ಲ ಎಂಬ ನಂಬಿಕೆಯಿಂದಲೇ ಇವತ್ತು ಮಾತಾಡುತ್ತಿದ್ದೇನೆ.

ಈಚೆಗೆ ನೀರಿನ ಯಂತ್ರ ಮಾರುವವರ ಕರಪತ್ರಗಳಲ್ಲಿ ಓಜೋನ್ ಮತ್ತು ಯುವಿ (ಅಂದರೆ ನೇರಳಾತೀತ ಬೆಳಕು) ಎಂಬ ಎರಡು ಪದಗಳು ಜೋಡಿಯಾಗಿ ಕಾಣಿಸುತ್ತವೆ. ಪಂಚಾಯಿತಿಯವರು ಕೇಳುವ ಪ್ರಶ್ನೆ ನೇರವಾದದ್ದು: ಇದನ್ನು ಕೊಳ್ಳಬೇಕೇ, ನಮ್ಮ ನೀರಿಗೆ ಇದು ಆಗಿಬರುತ್ತದೆಯೇ? ಆಗಿಬರುತ್ತದೆ, ಆದರೆ ಷರತ್ತುಗಳಿವೆ. ಯಂತ್ರದ ಗುಣಗಾನವನ್ನು ಮಾರುವವರೇ ಮಾಡುತ್ತಾರೆ. ನಾನು ಷರತ್ತುಗಳ ಬಗ್ಗೆ ಹೆಚ್ಚು ಹೇಳುತ್ತೇನೆ.

ಓಜೋನ್ ಎಂದರೆ ಆಮ್ಲಜನಕವೇ. ನಾವು ಉಸಿರಾಡುವ ಆಮ್ಲಜನಕದಲ್ಲಿ ಎರಡು ಪರಮಾಣುಗಳಿದ್ದರೆ ಇದರಲ್ಲಿ ಮೂರು. ಸಿಡಿಲು ಬಡಿದ ಹೊತ್ತಿನಲ್ಲಿ ಗಾಳಿಯಲ್ಲಿ ಒಂದು ಚುರುಕಾದ ವಾಸನೆ ಬರುತ್ತದಲ್ಲ, ಅದು ಇದರದ್ದೇ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಶೋನ್‌ಬೈನ್ ಎಂಬ ರಸಾಯನ ವಿಜ್ಞಾನಿ 1839ರ ಹೊತ್ತಿಗೆ ಪ್ರಯೋಗಾಲಯದಲ್ಲಿ ಇದೇ ವಾಸನೆಯ ಜಾಡು ಹಿಡಿದು ಈ ಅನಿಲವನ್ನು ಗುರುತಿಸಿದ. ಒಣಗಿದ ಗಾಳಿಯನ್ನೋ ಶುದ್ಧ ಆಮ್ಲಜನಕವನ್ನೋ ಹೆಚ್ಚು ವೋಲ್ಟೇಜಿನ ವಿದ್ಯುತ್ತಿನ ನಡುವೆ ಹಾಯಿಸಿದರೆ ಓಜೋನ್ ತಯಾರಾಗುತ್ತದೆ. ಸಿಲಿಂಡರಿನಲ್ಲಿ ತುಂಬಿಟ್ಟು ತರಲು ಬರುವುದಿಲ್ಲ, ಬೇಕಾದ ಜಾಗದಲ್ಲೇ ತಯಾರಿಸಬೇಕು. ಮೂರನೆಯ ಪರಮಾಣು ಬಹಳ ಹೊತ್ತು ನಿಲ್ಲುವುದಿಲ್ಲ. ಸಿಕ್ಕಿದ್ದರ ಮೇಲೆ ಎರಗುತ್ತದೆ. ಬ್ಯಾಕ್ಟೀರಿಯಾ ಸಿಕ್ಕರೆ ಅದರ ಹೊರಗೋಡೆಯನ್ನು ಒಡೆಯುತ್ತದೆ, ವೈರಸ್ ಸಿಕ್ಕರೆ ಅದರ ಕವಚವನ್ನು ಹಾಳುಮಾಡುತ್ತದೆ, ಕಬ್ಬಿಣದ ಅಂಶ ಸಿಕ್ಕರೆ ಅದನ್ನು ತುಕ್ಕಾಗಿಸಿ ಕೆಳಗಿಳಿಸುತ್ತದೆ. ಫ್ರಾನ್ಸಿನ ನೀಸ್ ನಗರ 1906ರಿಂದಲೇ ಕುಡಿಯುವ ನೀರಿಗೆ ಓಜೋನ್ ಬಳಸಿತು. ಅಂದರೆ ಇದು ನಿನ್ನೆ ಮೊನ್ನೆ ಬಂದ ವಿದ್ಯೆಯಲ್ಲ.

ಬೆಳಕಿನ ಕಥೆಯೂ ಹಳೆಯದೇ. ಬಿಸಿಲಿಗೆ ಬ್ಯಾಕ್ಟೀರಿಯಾ ತಡೆಯುವ ಶಕ್ತಿ ಇದೆ ಎಂಬುದನ್ನು 1877ರಲ್ಲಿ ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ತೋರಿಸಿಕೊಟ್ಟರು. ಫ್ರಾನ್ಸಿನದೇ ಇನ್ನೊಂದು ನಗರ ಮಾರ್ಸೆಯಲ್ಲಿ 1910ರಲ್ಲಿ ಪಾದರಸದ ದೀಪದಿಂದ ಕುಡಿಯುವ ನೀರನ್ನು ಶುದ್ಧೀಕರಿಸಿ ನೋಡಿದರು. ಇಂದು ನಾವು ಬಳಸುವ ದೀಪದ ಬೆಳಕು 254 ನ್ಯಾನೋಮೀಟರ್ ಅಲೆಯಳತೆಯದು, ಕಣ್ಣಿಗೆ ಕಾಣುವುದಿಲ್ಲ. ಅದು ರೋಗಾಣುವಿನ ಒಳಗೆ ಹೋಗಿ ಅದರ ವಂಶವಾಹಿ ಎಳೆಯಲ್ಲಿ ಗಂಟು ಹಾಕುತ್ತದೆ. ರೋಗಾಣು ಆ ಕ್ಷಣಕ್ಕೆ ಸಾಯದಿದ್ದರೂ ಸಂತಾನ ಬೆಳೆಸಲಾರದು. ಹೊಟ್ಟೆಯೊಳಗೆ ಹೋಗಿ ಬೆಳೆಯಲಾಗದ ರೋಗಾಣು ರೋಗ ತರುವುದಿಲ್ಲ.

ಒಂದು ಉಪಯುಕ್ತ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಕಲಬುರಗಿಯ ಬಿಸಿಲನ್ನು ಬೈಯುವುದಷ್ಟೇ ನಮಗೆ ರೂಢಿ. ಯಂತ್ರವೂ ಇಲ್ಲ, ಸೌದೆಯೂ ಇಲ್ಲ ಎಂಬಂಥ ಸಂಕಟದಲ್ಲಿ ತಿಳಿ ನೀರನ್ನು ಎರಡು ಲೀಟರ್ ಮೀರದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಅಡ್ಡ ಮಲಗಿಸಿ, ಚುರುಕು ಬಿಸಿಲಿನಲ್ಲಿ ಆರು ಗಂಟೆ ಇಟ್ಟರೆ ರೋಗಾಣುಗಳು ಬಹಳಷ್ಟು ಕಡಿಮೆಯಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿರುವ ವಿಧಾನ ಇದು. ಹೊಲದಲ್ಲಿ ದಿನವಿಡೀ ಇರುವವರು ನೆನಪಿಟ್ಟುಕೊಳ್ಳಿ.

ಒಂದೇ ಸಾಲದೇ, ಎರಡೂ ಯಾಕೆ ಎಂದು ಕೇಳುತ್ತೀರಿ. ಇದಕ್ಕೆ ಉತ್ತರ ರೋಗಾಣುಗಳ ಸ್ವಭಾವದಲ್ಲಿದೆ. ಅಮೆರಿಕದ ಮಿಲ್ವಾಕಿ ನಗರದಲ್ಲಿ 1993ರಲ್ಲಿ ನಲ್ಲಿ ನೀರು ಕುಡಿದ ಸುಮಾರು 4 ಲಕ್ಷ ಜನರಿಗೆ ಭೇದಿ ಹತ್ತಿತು. ಕ್ಲೋರಿನ್ ಹಾಕಿದ ನೀರೇ ಅದು. ಕಾರಣ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿ ಜೀವಿ. ಅದು ಗಟ್ಟಿ ಚಿಪ್ಪಿನೊಳಗೆ ಅಡಗಿ ನೀರಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ದನಕರುಗಳ ಸಗಣಿಯಿಂದಲೂ ನೀರು ಸೇರುತ್ತದೆ. ಕ್ಲೋರಿನ್ನಿನಿಂದ ಅದನ್ನು ಸಾವಿರಕ್ಕೆ ಒಂದರಷ್ಟಕ್ಕೆ ಇಳಿಸಲು ಬೇಕಾದ ಪ್ರಮಾಣ (ಲೀಟರಿಗೆ ಮಿಲಿಗ್ರಾಂ) ಮತ್ತು ಸಮಯದ (ನಿಮಿಷ) ಗುಣಲಬ್ಧ 15,300. ಲೀಟರಿಗೆ ಒಂದು ಮಿಲಿಗ್ರಾಂ ಕ್ಲೋರಿನ್ ಇದ್ದರೆ ಹತ್ತು ದಿನಕ್ಕೂ ಹೆಚ್ಚು ಕಾಲ ಕಾಯಬೇಕು ಎಂದರ್ಥ. ಯಾವ ಊರಿನಲ್ಲೂ ಇದು ಆಗುವ ಮಾತಲ್ಲ. ಅದೇ ಜೀವಿಯನ್ನು ಅಷ್ಟೇ ಮಟ್ಟಕ್ಕೆ ಇಳಿಸಲು ನೇರಳಾತೀತ ಬೆಳಕಿಗೆ ಪ್ರತಿ ಚದರ ಸೆಂಟಿಮೀಟರಿಗೆ 12 ಮಿಲಿಜೂಲ್ ಸಾಕು. ಒಳ್ಳೆಯ ಯಂತ್ರಗಳು 40 ಮಿಲಿಜೂಲ್ ಕೊಡುವಂತೆ ತಯಾರಾಗಿರುತ್ತವೆ.

ಹಾಗಾದರೆ ಬೆಳಕೊಂದೇ ಸಾಕಲ್ಲ? ಸಾಲದು. ಅಡೆನೋವೈರಸ್ ಎಂಬ ಗುಂಪಿನ ವೈರಸ್‌ಗಳಿವೆ, ಮಕ್ಕಳ ಭೇದಿಗೆ ಅವೂ ಒಂದು ಕಾರಣ. ಅವುಗಳನ್ನು ಹತ್ತು ಸಾವಿರಕ್ಕೆ ಒಂದರಷ್ಟಕ್ಕೆ ಇಳಿಸಲು ಅಮೆರಿಕದ ನಿಯಮ ಕೇಳುವ ಬೆಳಕಿನ ಪ್ರಮಾಣ 186 ಮಿಲಿಜೂಲ್. ನಲವತ್ತರ ಯಂತ್ರ ಅಲ್ಲಿಗೆ ಮುಟ್ಟುವುದಿಲ್ಲ. ಓಜೋನ್ ಮುಂದೆ ಮಾತ್ರ ವೈರಸ್‌ಗಳು ಬೇಗ ಸೋಲುತ್ತವೆ. ಲೀಟರಿಗೆ ಅರ್ಧ ಮಿಲಿಗ್ರಾಂ ಓಜೋನ್ 20 ಡಿಗ್ರಿಯ ನೀರಿನಲ್ಲಿ ಒಂದು ನಿಮಿಷ ನಿಂತರೆ ವೈರಸ್‌ಗಳು ಅದೇ ಹತ್ತು ಸಾವಿರಕ್ಕೆ ಒಂದರ ಮಟ್ಟಕ್ಕೆ ಇಳಿಯುತ್ತವೆ. ಆದರೆ ಕ್ರಿಪ್ಟೋಸ್ಪೋರಿಡಿಯಂಗೆ ಓಜೋನ್ ಹತ್ತು ಪಟ್ಟಿಗೂ ಹೆಚ್ಚು ಬೇಕಾಗುತ್ತದೆ. ಒಂದು ಎಡವುವ ಜಾಗದಲ್ಲಿ ಇನ್ನೊಂದು ಗಟ್ಟಿ. ಜೋಡಿ ಮಾಡಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ಈಗ ಯಾವುದು ಮೊದಲು ಎಂಬ ಪ್ರಶ್ನೆ. ನನ್ನ ಇಡೀ ಉಪನ್ಯಾಸದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಓಜೋನ್ ಮೊದಲು, ಬೆಳಕು ಆಮೇಲೆ.

ಬೆಳಕು ಕೆಲಸ ಮಾಡಬೇಕಾದರೆ ನೀರಿನೊಳಗೆ ತೂರಿಹೋಗಬೇಕು. ಭೀಮಾ ನದಿಯ ಮಳೆಗಾಲದ ನೀರನ್ನು ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ ನಾವು ಬೇವಿನ ಮರದ ನೆರಳು ಹಿಡಿದು ನಿಲ್ಲುವ ಹಾಗೆ ರೋಗಾಣುಗಳು ಮಣ್ಣಿನ ಕಣದ ಮರೆಯಲ್ಲಿ ನಿಂತು ಪಾರಾಗುತ್ತವೆ. ಆದ್ದರಿಂದ ಮೊದಲು ಮರಳಿನ ಸೋಸುಕ, ಬಗ್ಗಡ ಒಂದು ಎನ್‌ಟಿಯು (ಬಗ್ಗಡ ಅಳೆಯುವ ಮಾನ) ಒಳಗೆ ಬರಬೇಕು. ಆಮೇಲೆ ಓಜೋನ್. ಎಲೆ, ಕಸ ಕೊಳೆತು ಬಂದ ಹಳದಿ ಬಣ್ಣವನ್ನು ಅದು ತೆಗೆಯುತ್ತದೆ, ಕರಗಿದ ಕಬ್ಬಿಣ ಮತ್ತು ಮ್ಯಾಂಗನೀಸ್ ಬೇರ್ಪಡುತ್ತವೆ. ಇವೆಲ್ಲ ಬೆಳಕನ್ನು ನುಂಗುವ ವಸ್ತುಗಳೇ. ಓಜೋನ್ ಸಂಪರ್ಕದ ಟ್ಯಾಂಕಿನಲ್ಲಿ ಕೆಲವು ನಿಮಿಷ ನಿಂತ ನೀರು ಇಂಗಾಲದ ಸೋಸುಕ ದಾಟಿ ದೀಪದ ಮುಂದೆ ಬಂದರೆ ದೀಪಕ್ಕೆ ತಿಳಿ ನೀರು ಸಿಗುತ್ತದೆ. ಉಳಿದ ಓಜೋನ್ ಏನಾದರೂ ಇದ್ದರೆ 254 ನ್ಯಾನೋಮೀಟರಿನ ಬೆಳಕು ಅದನ್ನೂ ಒಡೆದುಬಿಡುತ್ತದೆ.

ಎರಡನ್ನೂ ಒಂದೇ ಪಾತ್ರೆಯಲ್ಲಿ ಒಟ್ಟಿಗೆ ಹಚ್ಚಿದರೆ ಏನಾಗುತ್ತದೆ? ಇಂಥ ಯಂತ್ರಗಳೂ ಇವೆ. ಬೆಳಕು ತಾಗಿದ ಓಜೋನ್ ನೀರಿನೊಡನೆ ಸೇರಿ ಮೊದಲು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ, ಅದರಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಅತ್ಯಂತ ತೀವ್ರ ಕಣ ಹುಟ್ಟುತ್ತದೆ. ಉತ್ಕರ್ಷಣ ಶಕ್ತಿಯನ್ನು, ಅಂದರೆ ಎರಗಿ ಒಡೆಯುವ ಬಲವನ್ನು, ವೋಲ್ಟಿನಲ್ಲಿ ಅಳೆದರೆ ಕ್ಲೋರಿನ್ 1.36, ಓಜೋನ್ 2.07, ಈ ಕಣ 2.8. ಅಂಕಿ ನೋಡಿದರೆ ಇದೇ ಎಲ್ಲಕ್ಕಿಂತ ಮೇಲು ಅನ್ನಿಸುತ್ತದೆ, ಮಾರುವವರು ತೋರಿಸುವುದೂ ಇದೇ ಅಂಕಿಯನ್ನು. ಆದರೆ ಈ ಕಣದ ಆಯುಷ್ಯ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟೂ ಇರುವುದಿಲ್ಲ. ಹತ್ತಿರ ಯಾರಿದ್ದಾರೋ ಅವರ ಮೇಲೆ ಮುಗಿದುಹೋಗುತ್ತದೆ. ನಮ್ಮ ನೀರಿನಲ್ಲಿ ಹತ್ತಿರ ಇರುವುದು ಯಾರು? ಬೈಕಾರ್ಬನೇಟ್. ಶಹಾಬಾದಿನ ಫರ್ಸಿ ಕಲ್ಲು, ಸೇಡಂ ಮತ್ತು ಚಿತ್ತಾಪುರದ ಸಿಮೆಂಟ್ ಕಾರ್ಖಾನೆಗಳಿಗೆ ಹೋಗುವ ಕಲ್ಲು, ಎಲ್ಲವೂ ಸುಣ್ಣದ ಕಲ್ಲೇ. ಆ ಕಲ್ಲಿನ ನಡುವಿಂದ ಬಂದ ಅಂತರ್ಜಲದಲ್ಲಿ ಬೈಕಾರ್ಬನೇಟ್ ತುಂಬಿರುತ್ತದೆ, ಈ ಕಣಗಳನ್ನು ಮೊದಲು ತಿನ್ನುವುದು ಅದೇ. ಜೊತೆಗೆ ಓಜೋನ್ ಇರುವಾಗಲೇ ದೀಪ ಹಚ್ಚಿದರೆ ರೋಗಾಣುವಿಗೆ ತಾಗಬೇಕಾದ ಬೆಳಕನ್ನು ಓಜೋನ್ ಕುಡಿಯುತ್ತದೆ, ರೋಗಾಣುವನ್ನು ಕೊಲ್ಲಬೇಕಾದ ಓಜೋನನ್ನು ಬೆಳಕು ಒಡೆಯುತ್ತದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ತೊಗರಿ, ಹತ್ತಿಗೆ ಹೊಡೆದ ಕೀಟನಾಶಕ ಮಳೆಗೆ ತೊಳೆದುಕೊಂಡು ಹಳ್ಳ ಸೇರುತ್ತದೆ. ಅಂಥ ರಾಸಾಯನಿಕವನ್ನು ಒಡೆಯಬೇಕಿದ್ದರೆ ಒಟ್ಟಿಗೆ ಹಚ್ಚುವ ವಿಧಾನಕ್ಕೆ ಬೆಲೆ ಇದೆ. ಆದರೆ ಅದು ದೊಡ್ಡ ನಗರದ ಜಲಶುದ್ಧೀಕರಣ ಕೇಂದ್ರದ ಕೆಲಸ, ಒಡೆದ ಮೇಲೆ ಉಳಿದ ತುಣುಕುಗಳನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸುವವರು ಬೇಕು. ನಿಮ್ಮ ಗುರಿ ವಾಂತಿ-ಭೇದಿ ತಡೆಯುವುದಾದರೆ ಒಂದಾದ ಮೇಲೊಂದು ಇರುವ ವ್ಯವಸ್ಥೆಯನ್ನೇ ಕೇಳಿ.

ನಮ್ಮ ನೆಲ, ನಮ್ಮ ಹವೆ ಈ ಯಂತ್ರಗಳಿಗೆ ಒಡ್ಡುವ ಪರೀಕ್ಷೆಗಳಿವೆ. ದೀಪದ ಸುತ್ತ ಒಂದು ಸ್ಫಟಿಕದ ಗಾಜಿನ ಕೊಳವೆ ಇರುತ್ತದೆ, ನೀರು ಅದರ ಹೊರಗೆ ಹರಿಯುತ್ತದೆ. ಗಡಸು ನೀರಾದರೆ ಆ ಗಾಜಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ನೀವು ನೀರು ಕಾಯಿಸುವ ಕಾಯಿಲ್ ಮೇಲೆ ನೋಡುವ ಸುಣ್ಣವೇ ಅದು. ತಯಾರಕರು ಸಾಮಾನ್ಯವಾಗಿ ಕೇಳುವುದು ಲೀಟರಿಗೆ 120 ಮಿಲಿಗ್ರಾಂ ಒಳಗಿನ ಗಡಸುತನ, 0.3 ಮಿಲಿಗ್ರಾಂ ಒಳಗಿನ ಕಬ್ಬಿಣ. ನಮ್ಮ ಎಷ್ಟೋ ಕೊಳವೆ ಬಾವಿಗಳ ಗಡಸುತನ ಇದರ ಹಲವು ಪಟ್ಟು. ಹಾಗೆಯೇ ಬಿಟ್ಟರೆ ಒಳಗೆ ದೀಪ ಉರಿಯುತ್ತಿರುತ್ತದೆ, ಹೊರಗೆ ಬೆಳಕು ಬರುವುದಿಲ್ಲ. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಆರ್‌ಒ ಪೊರೆ ಮೊದಲು ಇರುವುದರಿಂದ ಈ ತೊಂದರೆ ಕಡಿಮೆ. ಆರ್‌ಒ ಇಲ್ಲದ ಕಡೆ ಗಾಜಿನ ಕೊಳವೆಯನ್ನು ಆಗಾಗ ಹೊರತೆಗೆದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ನೀರಿನಲ್ಲಿ ತೊಳೆಯಬೇಕು.

ಬಿಸಿಲು ಓಜೋನಿಗೂ ಕಷ್ಟ. ನೀರು 20 ಡಿಗ್ರಿಯಿಂದ 40 ಡಿಗ್ರಿಗೆ ಏರಿದರೆ ಓಜೋನ್ ಕರಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆ. 20 ಡಿಗ್ರಿಯಲ್ಲಿ ಸುಮಾರು 20 ನಿಮಿಷಕ್ಕೆ ಅರ್ಧವಾಗುವ ಓಜೋನ್, 35 ಡಿಗ್ರಿಯಲ್ಲಿ ಅದರ ಅರ್ಧ ಸಮಯವೂ ನಿಲ್ಲುವುದಿಲ್ಲ. ಬಿಸಿ ನೀರಿನಲ್ಲಿ ಓಜೋನ್ ಬೇಗ ಕೆಲಸ ಮಾಡುತ್ತದೆ ಎಂಬುದು ನಿಜ, ಆದರೆ ಕರಗದೆ ಗುಳ್ಳೆಯಾಗಿ ಮೇಲೆದ್ದು ಹೋದದ್ದು ಏನು ಕೆಲಸ ಮಾಡೀತು? ಮೇ ತಿಂಗಳಲ್ಲಿ ತಗಡಿನ ಛಾವಣಿಯ ಕೆಳಗೆ, ಕಪ್ಪು ಸಿಂಟೆಕ್ಸ್ ಟ್ಯಾಂಕಿನಿಂದ ಬರುವ ನೀರಿಗೆ ಓಜೋನ್ ಹಾಕುವುದಾದರೆ ಟ್ಯಾಂಕಿಗೆ ನೆರಳು ಮಾಡುವುದು ಯಂತ್ರ ಕೊಳ್ಳುವುದಕ್ಕಿಂತ ಮೊದಲ ಕೆಲಸ. ಯಂತ್ರಕ್ಕೆ ಹೋಗುವ ಗಾಳಿಯೂ ಒಣಗಿರಬೇಕು. ತೇವವಿದ್ದರೆ ಓಜೋನ್ ಕಡಿಮೆಯಾಗುತ್ತದೆ, ಒಳಗೆ ನೈಟ್ರಿಕ್ ಆಮ್ಲ ಹುಟ್ಟಿ ಯಂತ್ರವನ್ನೇ ತಿನ್ನುತ್ತದೆ.

ಕರೆಂಟ್ ಹೋದರೆ? ದೀಪ ಆರುತ್ತದೆ, ಆದರೆ ಮೇಲಿನ ಟ್ಯಾಂಕಿನ ನೀರು ತನ್ನ ಪಾಡಿಗೆ ಹರಿದು ಕೊಡ ಸೇರುತ್ತದೆ. ದೀಪ ಆರಿದ ತಕ್ಷಣ ತಾನೇ ಮುಚ್ಚಿಕೊಳ್ಳುವ ವಾಲ್ವ್ ಇಲ್ಲದ ಯಂತ್ರವನ್ನು ಯಾವ ಬೆಲೆಗೆ ಕೊಟ್ಟರೂ ಕೊಳ್ಳಬೇಡಿ. ಕರೆಂಟ್ ಬಂದ ಮೇಲೂ ದೀಪಕ್ಕೆ ಪೂರ್ತಿ ಶಕ್ತಿ ಬರಲು ಕೆಲವು ನಿಮಿಷ ಬೇಕು. ನೀರಿನ ವೇಗದ ಬಗ್ಗೆಯೂ ಎಚ್ಚರವಿರಲಿ. ಘಟಕದ ಮುಂದೆ ಸಾಲು ಬೆಳೆಯಿತೆಂದು ದೊಡ್ಡ ಪಂಪ್ ಕೂರಿಸಿ ನೀರಿನ ಹರಿವನ್ನು ಎರಡು ಪಟ್ಟು ಮಾಡಿದರೆ ರೋಗಾಣುವಿಗೆ ಸಿಗುವ ಬೆಳಕು ಅರ್ಧವಾಗುತ್ತದೆ. ಜನರ ಅನುಕೂಲಕ್ಕೆಂದೇ ಮಾಡಿದ ಕೆಲಸದಿಂದ ಜನರ ಆರೋಗ್ಯ ಕೆಡುತ್ತದೆ.

ಓಜೋನಿನ ಇನ್ನೊಂದು ಮುಖ ಹೇಳದೆ ಮುಂದೆ ಹೋಗಲಾರೆ. ಸವುಳು ನೀರಿನಲ್ಲಿ ಬ್ರೋಮೈಡ್ ಎಂಬ ಲವಣ ಇರಬಹುದು. ಓಜೋನ್ ಅದನ್ನು ಬ್ರೋಮೇಟ್ ಆಗಿ ಬದಲಿಸುತ್ತದೆ. ಬ್ರೋಮೇಟ್ ಕ್ಯಾನ್ಸರ್ ತರಬಹುದೆಂಬ ಶಂಕೆಯಿಂದ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಲೀಟರಿಗೆ 10 ಮೈಕ್ರೋಗ್ರಾಂ ಮಿತಿ ಹಾಕಿದೆ. ಆದ್ದರಿಂದ ಉಪ್ಪು ರುಚಿಯ ಬೋರ್‌ವೆಲ್ ನೀರಿಗೆ ನೇರವಾಗಿ ಓಜೋನ್ ಹಾಕುವ ಮೊದಲು ಬ್ರೋಮೈಡ್ ಪರೀಕ್ಷೆ ಆಗಲೇಬೇಕು. ಓಜೋನ್ ಬೇಕಿದ್ದಕ್ಕಿಂತ ಹೆಚ್ಚು ಹಾಕಿದರೆ ಒಳ್ಳೆಯದು ಎಂಬ ಲೆಕ್ಕವೂ ಇಲ್ಲ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಡುವ ವಿಷಯ. ಓಜೋನ್ ಮತ್ತು ಬೆಳಕು ಜೀವಿಗಳನ್ನು ಕೊಲ್ಲುತ್ತವೆ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಜೀವಿಗಳಲ್ಲ. ಅವುಗಳನ್ನು ಈ ಯಂತ್ರ ಕೂದಲೆಳೆಯಷ್ಟೂ ಕಡಿಮೆ ಮಾಡುವುದಿಲ್ಲ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಬೆರೆತ ನೀರಿನಿಂದ ಜನರ ಚರ್ಮದ ಮೇಲೆ ಗಾಯ, ಗಂಟುಗಳಾದವು, ಕ್ಯಾನ್ಸರ್ ಕೂಡ ಬಂತು. ಚಿನ್ನದ ಅದಿರಿನ ಬಂಡೆಗಳಿರುವ ಪ್ರದೇಶ ಅದು, ಅಂಥ ಬಂಡೆಯಲ್ಲಿ ಆರ್ಸೆನಿಕ್ ಇರುತ್ತದೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ಇಂಥ ಊರಿನಲ್ಲಿ ಒಬ್ಬರು ಬಂದು ಓಜೋನ್-ಯುವಿ ಯಂತ್ರ ಕೂರಿಸಿ ಶುದ್ಧ ನೀರು ಎಂಬ ಫಲಕ ಹಾಕಿದರೆ ಅದು ಘೋರ ಅನ್ಯಾಯ. ಆ ಫಲಕ ನೋಡಿದ ತಾಯಿ ನಿಶ್ಚಿಂತೆಯಿಂದ ಮಗುವಿಗೆ ಆ ನೀರನ್ನೇ ಕುಡಿಸುತ್ತಾಳೆ. ಮೊದಲು ಜಿಲ್ಲಾ ಪ್ರಯೋಗಾಲಯದಿಂದ ರಾಸಾಯನಿಕ ಪರೀಕ್ಷೆಯ ವರದಿ ತರಿಸಿ, ಯಂತ್ರದ ಮಾತು ಆಮೇಲೆ.

ಇನ್ನು ದೀಪ ದಾಟಿದ ನೀರಿನ ಗತಿ. ಕ್ಲೋರಿನ್ ನೀರಿನೊಳಗೆ ಸ್ವಲ್ಪ ಉಳಿದು ಪೈಪಿನುದ್ದಕ್ಕೂ ಕಾವಲು ಕಾಯುತ್ತದೆ. ಬೆಳಕು ಉಳಿಯುವುದಿಲ್ಲ, ಓಜೋನೂ ಉಳಿಯುವುದಿಲ್ಲ. ಅದರ ಮೇಲೆ, ಓಜೋನ್ ದೊಡ್ಡ ಸಾವಯವ ವಸ್ತುಗಳನ್ನು ಸಣ್ಣದಾಗಿ ಒಡೆದಿರುತ್ತದೆ. ಬ್ಯಾಕ್ಟೀರಿಯಾಗೆ ಅದು ಸುಲಭವಾದ ಆಹಾರ. ಓಜೋನ್ ಆದ ಮೇಲೆ ಇಂಗಾಲದ ಸೋಸುಕ ಇಡುವುದು ಇದಕ್ಕಾಗಿಯೇ. ನಮ್ಮ ಪಟ್ಟಣಗಳಲ್ಲಿ ನೀರು ದಿನವಿಡೀ ಬರುವುದಿಲ್ಲ. ನೀರು ನಿಂತಾಗ ಪೈಪ್ ಖಾಲಿಯಾಗಿ, ಬಿರುಕಿದ್ದ ಕಡೆ ಪಕ್ಕದ ಚರಂಡಿಯ ಕೊಳೆಯನ್ನು ಒಳಗೆಳೆದುಕೊಳ್ಳುತ್ತದೆ. ಭೀಮಾ, ಬೆಣ್ಣೆತೊರಾ, ಕಾರಂಜಾ, ಯಾವ ನೀರನ್ನಾದರೂ ತನ್ನಿ, ಕೇಂದ್ರದಲ್ಲಿ ಎಷ್ಟೇ ಓಜೋನ್ ಹಾಕಿ, ಎಷ್ಟೇ ದೀಪ ಹಚ್ಚಿ, ಓಣಿಯ ಒಡೆದ ಪೈಪ್ ಎಲ್ಲವನ್ನೂ ವ್ಯರ್ಥ ಮಾಡುತ್ತದೆ. ಆದ್ದರಿಂದ ಪೈಪಿನ ನೀರಿಗೆ ಕ್ಲೋರಿನ್ ಹಾಕುವುದನ್ನು ನಿಲ್ಲಿಸುವಂತಿಲ್ಲ. ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಓಜೋನ್ ಮತ್ತು ಯುವಿಯನ್ನು ಜನ ನೀರು ಹಿಡಿಯುವ ಜಾಗಕ್ಕೆ ಆದಷ್ಟು ಹತ್ತಿರ ಇಡಿ: ಶಾಲೆ, ಅಂಗನವಾಡಿ, ಆಸ್ಪತ್ರೆ, ಊರಿನ ಘಟಕ.

ಬೀದರ್‌ನ ನೌಬಾದಿನ ಸುರಂಗ ಬಾವಿಯನ್ನು ನೋಡಿರುವವರು ಇಲ್ಲಿದ್ದೀರಿ. ಬಹಮನಿ ಸುಲ್ತಾನರ ಕಾಲದಲ್ಲಿ, ಜಂಬಿಟ್ಟಿಗೆ ಕಲ್ಲಿನ ನೆಲದಡಿ ಸುರಂಗ ಕೊರೆದು ನೀರನ್ನು ನೆಲದೊಳಗಿಂದಲೇ ಹರಿಸಿದರು, ಅಲ್ಲಲ್ಲಿ ಗಾಳಿಗೆ ಬಾವಿಯಂಥ ಕಿಂಡಿಗಳನ್ನಿಟ್ಟರು. ಅವರಿಗೆ ಬ್ಯಾಕ್ಟೀರಿಯಾ ಗೊತ್ತಿರಲಿಲ್ಲ. ನೀರನ್ನು ಮೂಲದಿಂದ ಬಳಸುವ ಜಾಗದವರೆಗೆ ಮುಚ್ಚಿ ತರಬೇಕು ಎಂಬುದನ್ನು ಮಾತ್ರ ಕಲ್ಲು ಕೊರೆದು ಸಾಧಿಸಿದರು. ನನಗೆ ಆ ಸುರಂಗದ ಬಗ್ಗೆ ಅಪಾರ ಗೌರವವಿದೆ.

ಮದುವೆ ಮನೆಗೆ, ಅಂಗಡಿಗೆ ತರಿಸುವ 20 ಲೀಟರ್ ಕ್ಯಾನ್ ವಿಷಯ. ಕಂಪನಿಗಳು ನೀರು ತುಂಬುವ ಹೊತ್ತಿಗೆ ಲೀಟರಿಗೆ ಸುಮಾರು 0.2ರಿಂದ 0.4 ಮಿಲಿಗ್ರಾಂ ಓಜೋನ್ ಉಳಿಸುವುದು ರೂಢಿ. ಮುಚ್ಚಳ ಭದ್ರವಾಗಿದ್ದರೆ ಆ ಓಜೋನ್ ಕ್ಯಾನಿನ ಒಳಮೈಯನ್ನೂ ಶುದ್ಧ ಮಾಡಿ, ಕೆಲವು ಗಂಟೆಗಳಲ್ಲಿ ಆಮ್ಲಜನಕವಾಗಿ ಹೋಗುತ್ತದೆ. ಕ್ಯಾನಿನ ತಳದಲ್ಲಿ ಪಾಚಿ ಇದ್ದರೆ, ಮುಚ್ಚಳ ಸಡಿಲವಾಗಿದ್ದರೆ ಅಷ್ಟು ಓಜೋನಿನಿಂದ ಏನೂ ಆಗದು. ಹೆಸರಿಲ್ಲದ, ಐಎಸ್‌ಐ ಗುರುತಿಲ್ಲದ ಕ್ಯಾನನ್ನು ತೆಗೆದುಕೊಳ್ಳಬೇಡಿ.

ಯಂತ್ರ ನಡೆಸುವ ತಮ್ಮಂದಿರಿಗೆ, ತಂಗಿಯರಿಗೆ ಎರಡು ಮಾತು. ಓಜೋನ್ ಇರುವ ಕೋಣೆಗೆ ಗಾಳಿ ಆಡುವ ಕಿಟಕಿ ಇರಲಿ. ಹತ್ತು ಲಕ್ಷದಲ್ಲಿ 0.1 ಭಾಗಕ್ಕಿಂತ ಹೆಚ್ಚು ಓಜೋನ್ ಇರುವ ಗಾಳಿಯಲ್ಲಿ ದಿನದ ಕೆಲಸ ಮಾಡಬಾರದು. ಅದಕ್ಕೂ ಮೊದಲೇ ಮೂಗಿಗೆ ವಾಸನೆ ಬರುತ್ತದೆ. ವಾಸನೆ ಬಂದರೆ ಯಂತ್ರ ನಿಲ್ಲಿಸಿ ಹೊರಗೆ ಬನ್ನಿ. ಉರಿಯುವ ಯುವಿ ದೀಪವನ್ನು ಬರಿಗಣ್ಣಿನಿಂದ ನೋಡಬೇಡಿ, ಅದು ಕಣ್ಣನ್ನು ಸುಡುತ್ತದೆ. ದೀಪದ ಆಯುಷ್ಯ ಸುಮಾರು 9,000 ಗಂಟೆ, ಹಗಲೂ ರಾತ್ರಿ ಉರಿದರೆ ಒಂದು ವರ್ಷ. ಆಮೇಲೂ ನೀಲಿಯಾಗಿ ಉರಿಯುತ್ತಲೇ ಇರುತ್ತದೆ. ನಿಮಗೆ ಕಾಣುವ ಆ ನೀಲಿ ಬೆಳಕು ರೋಗಾಣು ಕೊಲ್ಲುವ ಬೆಳಕಲ್ಲ. ದೀಪ ಹಾಕಿದ ತಾರೀಖನ್ನು ಗೋಡೆಯ ಮೇಲೆ ಬರೆಯಿರಿ. ಹಳೆಯ ದೀಪದಲ್ಲಿ ಪಾದರಸ ಇರುತ್ತದೆ, ತಿಪ್ಪೆಗೆ ಎಸೆಯಬೇಡಿ.

ಇಷ್ಟೆಲ್ಲ ಆದ ಮೇಲೆ ಯಂತ್ರ ಕೆಲಸ ಮಾಡುತ್ತಿದೆ ಎಂದು ತಿಳಿಯುವುದು ಹೇಗೆ? ಎಚ್‌ಟುಎಸ್ ಪರೀಕ್ಷೆಯ ಸಣ್ಣ ಬಾಟಲಿಗಳು ನಿಮ್ಮಲ್ಲಿ ಅನೇಕರ ಕೈಗೆ ಬಂದಿವೆ. ನೀರು ತುಂಬಿ ಇಟ್ಟು 24ರಿಂದ 48 ಗಂಟೆಯಲ್ಲಿ ಕಪ್ಪಾದರೆ ಮಲದ ಕೊಳೆ ಸೇರಿದೆ ಎಂದು ಅನುಮಾನಿಸಬೇಕು. ಒಂದು ಬಾಟಲಿಯಲ್ಲ, ಮೂರು ಬಾಟಲಿ ತುಂಬಿ. ಮೊದಲನೆಯದು ಯಂತ್ರಕ್ಕೆ ಹೋಗುವ ನೀರು, ಎರಡನೆಯದು ಯಂತ್ರದ ನಲ್ಲಿಯ ನೀರು, ಮೂರನೆಯದು ಯಾವುದಾದರೂ ಮನೆಯ ಹರವಿಯಿಂದ ತೆಗೆದದ್ದು. ಮೊದಲನೆಯದು ಕಪ್ಪಾಗಿ ಉಳಿದೆರಡು ಹಾಗೆಯೇ ಇದ್ದರೆ ಯಂತ್ರವೂ ಮನೆಯೂ ಸರಿಯಾಗಿವೆ. ಮೂರನೆಯದೂ ಕಪ್ಪಾದರೆ ಕೊಡ, ಹರವಿ, ಅದರೊಳಗೆ ಅದ್ದುವ ಲೋಟ ಮತ್ತು ಕೈ, ಇವನ್ನು ನೋಡಿ. ಎರಡನೆಯದೇ ಕಪ್ಪಾದರೆ ಆ ಕ್ಷಣ ನಲ್ಲಿ ಮುಚ್ಚಿಸಿ, ಕುದಿಸಿ ಕುಡಿಯಿರಿ ಎಂದು ಊರಿಗೆಲ್ಲ ಸಾರಿಸಿ, ಗಾಜಿನ ಕೊಳವೆಯನ್ನು ಹೊರತೆಗೆದು ನೋಡಿ, ಗೋಡೆಯ ಮೇಲಿನ ತಾರೀಖು ಓದಿ.